ಹಬ್ಬಕ್ಕೆ ಮನೆಗೆ ಬಂದ ‘ರೂಮ್‌ಮೇಟ್’

2009ರಲ್ಲಿ ಬಂದ ‘ಮೇಕ್ ದ ಯೂಲ್‌ಟೈಡ್ ಗೇ’ ಎಂಬ ಅಮೆರಿಕದ ಚಿತ್ರವನ್ನು ಕಳೆದ ಡಿಸೆಂಬರಿನಲ್ಲಿ ಮಾಟುಂಗದ ನನ್ನ ಮನೆಯಲ್ಲಿ ಮೂವರು ಕುಳಿತು ನೋಡಿದೆವು: ನಾನು, ಕುಮಟೆಯಿಂದ ಬಂದಿದ್ದ ನನ್ನ ತಂಗಿ, ಮತ್ತು ಇಲ್ಲಿಯೇ ಮುಂಬಯಿಯಲ್ಲಿ ಕೆಲಸ ಮಾಡುವ ಅವಳ ಮಗ. ದೊಡ್ಡ ಸ್ಟುಡಿಯೋಗಳ ಹಣದ ನೆರವಿಲ್ಲದೆ ತಯಾರಾದ, ಬಹುಪಾಲು ಒಂದೇ ಮನೆಯ ಅಡುಗೆಕೋಣೆ, ಹಜಾರ ಮತ್ತು ಮಲಗುವ ಕೋಣೆಗಳಲ್ಲಿ ನಡೆಯುವ, ಸುಮಾರು ಒಂದೂವರೆ ಗಂಟೆಯ ಈ ಹಾಸ್ಯಚಿತ್ರವನ್ನು ಕನ್ನಡದ ಓದುಗರಿಗೆ ಪರಿಚಯಿಸಬೇಕೆಂದು ನನಗೆ ಅನ್ನಿಸಿದ್ದು ಅದರ ಕುಶಲತೆಯಿಂದಲ್ಲ. ಮನೆಯವರ ಪ್ರೀತಿಯೇ ಮಗನ ಬಾಯಿ ಕಟ್ಟುತ್ತದೆ ಎಂಬ ಸಂಗತಿಯನ್ನು ಇಷ್ಟು ನೇರವಾಗಿ ತೋರಿಸಿದ ಬೇರೆ ಚಿತ್ರವನ್ನು ನಾನು ನೋಡಿಲ್ಲ.

ಚಿತ್ರದ ಹೆಸರು ಹಳೆಯ ಕ್ರಿಸ್‌ಮಸ್ ಹಾಡೊಂದರ ಸಾಲಿನಿಂದ ಬಂದದ್ದು. ‘ಯೂಲ್‌ಟೈಡ್’ ಎಂದರೆ ಕ್ರಿಸ್‌ಮಸ್ ಕಾಲ. ‘ಗೇ’ ಎಂಬುದಕ್ಕೆ ಆ ಹಾಡು ಹುಟ್ಟಿದ ಕಾಲದಲ್ಲಿ ಉಲ್ಲಾಸ ಎಂಬುದೇ ಮುಖ್ಯ ಅರ್ಥವಾಗಿತ್ತು; ಇಂದು ಸಲಿಂಗಿ ಎಂದು. ಬರೆದು ನಿರ್ದೇಶಿಸಿದ ರಾಬ್ ವಿಲಿಯಮ್ಸ್ ಈ ಶ್ಲೇಷೆಯನ್ನು ಹೆಸರಿಗೆ ಮಾತ್ರ ಬಳಸದೆ ಸಂಭಾಷಣೆಯ ತುಂಬ ಹರಡಿದ್ದಾರೆ, ಮತ್ತು ಚಿತ್ರದ ಮೊದಲ ದೋಷವೂ ಇದೇ. ಏನೂ ಅರಿಯದ ತಾಯಿ ಆಡುವ ಪ್ರತಿ ಎರಡನೆಯ ಮಾತಿಗೂ ಇನ್ನೊಂದು ಅರ್ಥ ಹೊಮ್ಮುವಂತೆ ಮಾಡಿರುವುದು ಅರ್ಧ ಗಂಟೆಯ ನಂತರ ಬೇಸರ ತರಿಸುತ್ತದೆ.

ಕಥೆ ಸರಳವಾಗಿದೆ. ಓಲಾಫ್ ಗನ್ನಂಡರ್‌ಸನ್, ಗೆಳೆಯರ ಬಾಯಲ್ಲಿ ‘ಗನ್’, ಕಾಲೇಜಿನಲ್ಲಿ ತಾನು ಸಲಿಂಗಿ ಎಂಬುದನ್ನು ಮುಚ್ಚಿಡದೆ ಬದುಕುವ ಹುಡುಗ. ವಿಸ್ಕಾನ್ಸಿನ್ ರಾಜ್ಯದ ತನ್ನ ಮನೆಯಲ್ಲಿ ಮಾತ್ರ ಆ ವಿಷಯ ಯಾರಿಗೂ ಗೊತ್ತಿಲ್ಲ. ಕ್ರಿಸ್‌ಮಸ್ ರಜೆಗೆ ಹೊರಟವನು ಉಡುಪನ್ನೂ ನಡೆನುಡಿಯನ್ನೂ ಬದಲಿಸಿಕೊಂಡು ಮನೆಯ ಬಾಗಿಲು ತಟ್ಟುತ್ತಾನೆ. ಅವನ ಸಂಗಾತಿ ನೇಥನ್‌ನ ತಂದೆ ತಾಯಿಗೆ ಮಗನ ವಿಷಯ ಗೊತ್ತಿದ್ದರೂ ಅವನ ಮೇಲೆ ಅಂಥ ಅಕ್ಕರೆಯಿಲ್ಲ. ಹಬ್ಬದ ಹೊತ್ತಿನಲ್ಲಿ ಅವನನ್ನು ಬಿಟ್ಟು ಹಡಗಿನ ಪ್ರವಾಸಕ್ಕೆ ಹೊರಟುಬಿಡುತ್ತಾರೆ. ಒಂಟಿಯಾದ ನೇಥನ್ ಮುಂಚಿತವಾಗಿ ತಿಳಿಸದೆ ಗನ್‌ನ ಮನೆಗೆ ಬಂದಾಗ, ಗನ್ ಅವನನ್ನು ‘ನನ್ನ ರೂಮ್‌ಮೇಟ್’ ಎಂದು ಪರಿಚಯಿಸುತ್ತಾನೆ. ಆ ಒಂದು ಪದದ ಭಾರವನ್ನು ಉಳಿದ ಚಿತ್ರವೆಲ್ಲ ಹೊರುತ್ತದೆ.

ಆ ಪದ ನಮ್ಮ ಮನೆಗೂ ಹೊಸದಲ್ಲ. ನನ್ನ ತಂಗಿಯ ಮಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನೂ ಅವನ ಸಂಗಾತಿಯೂ ಬಾಡಿಗೆಗೆ ಹಿಡಿದ ಮನೆಯಲ್ಲಿ ಎರಡು ಕಬ್ಬಿಣದ ಮಂಚಗಳಿದ್ದವು. ಊರಿನಿಂದ ತಾಯಿ ಬರುವ ಹಿಂದಿನ ದಿನ, ಜೋಡಿಸಿಟ್ಟ ಆ ಮಂಚಗಳನ್ನು ಎಳೆದು ಎದುರುಬದುರು ಗೋಡೆಗೆ ಒತ್ತಿ ಇಡುತ್ತಿದ್ದರು. ಅವಳು ಮತ್ಸ್ಯಗಂಧ ರೈಲು ಹತ್ತಿ ಹೊರಟ ರಾತ್ರಿ ಪುನಃ ಜೋಡಿಸುತ್ತಿದ್ದರು. ಮೊಸಾಯಿಕ್ ನೆಲದ ಮೇಲೆ ಮಂಚದ ಕಾಲುಗಳು ಎಳೆದ ನಾಲ್ಕು ಗೀರುಗಳು ಉಳಿದಿದ್ದವು. ಬಂದ ಮನೆಯಲ್ಲಿ ಒಂದು ದಿನವೂ ಕಸ ಗುಡಿಸದೆ ಇರಲಾರದ ನನ್ನ ತಂಗಿ ಆ ಗೀರುಗಳ ಮೇಲೆ ಎಷ್ಟೋ ಸಲ ಪೊರಕೆ ಆಡಿಸಿದ್ದಾಳೆ, ಒಮ್ಮೆಯೂ ಏನನ್ನೂ ಕೇಳಿರಲಿಲ್ಲ. ಅವನು ಎರಡು ವರ್ಷಗಳ ಹಿಂದೆ ಫೋನಿನಲ್ಲಿ, ತನಗೆ ಮದುವೆ ಬೇಡ, ತಾನು ಇವನ ಜೊತೆಗೇ ಇರುತ್ತೇನೆ ಎಂದಷ್ಟೇ ಹೇಳಿ ಮುಗಿಸಿದ.

ಚಿತ್ರ ಗಟ್ಟಿಯಾಗಿರುವುದು ಇಂಥ ಜಾಗಗಳಲ್ಲಿಯೇ. ಗನ್‌ನ ತಾಯಿ ಆನ್ಯಾ ಕೆಟ್ಟವಳಾಗಿದ್ದರೆ, ತಂದೆ ಸ್ವೆನ್ ಸಿಡುಕನಾಗಿದ್ದರೆ ಹುಡುಗನ ಭಯ ನಮಗೆ ಸುಲಭವಾಗಿ ಅರ್ಥವಾಗುತ್ತಿತ್ತು. ಆದರೆ ಕೆಲ್ಲಿ ಕೀಟನ್ ಮತ್ತು ಡೆರೆಕ್ ಲಾಂಗ್ ಅಭಿನಯಿಸಿರುವ ಈ ದಂಪತಿ ಬಂದವನಿಗೆ ಮೊದಲು ಊಟ ಹಾಕುವ, ಮಗನ ಗೆಳೆಯನನ್ನು ಮಗನಂತೆಯೇ ಕಾಣುವ ಜನ. ಇಷ್ಟು ಅಕ್ಕರೆಯ ಮನೆಯಲ್ಲಿ ಹೇಳಲು ಏನು ಅಡ್ಡಿ ಎಂದು ಹೊರಗಿನವರಿಗೆ ಅನ್ನಿಸಬಹುದು. ಹೇಳಿದ ಮೇಲೆ ಆ ಮುಖದ ನಗೆ ಒಂದು ಕ್ಷಣವಾದರೂ ಮಾಸಿದರೆ ಅದನ್ನು ನೋಡುವ ಶಕ್ತಿ ತನಗಿಲ್ಲ ಎಂಬುದೇ ಅವನಿಗಿರುವ ಅಡ್ಡಿ. ಗನ್‌ನ ಪಾತ್ರದಲ್ಲಿರುವ ಕೀತ್ ಜೋರ್ಡನ್ ಈ ಅಳುಕನ್ನು ಹೆಚ್ಚು ಮಾತಿಲ್ಲದೆ, ತಾಯಿ ಹತ್ತಿರ ಬಂದಾಗಲೆಲ್ಲ ಬಿಗಿಯಾಗುವ ಮೈಯಿಂದಲೇ ತೋರಿಸುತ್ತಾರೆ. ನೇಥನ್‌ನ ಪಾತ್ರದಲ್ಲಿರುವ ಅಡಾಮೊ ರುಜಿಯೆರೊ ಇನ್ನೂ ಸಹಜವಾಗಿ ನಟಿಸಿದ್ದಾರೆ. ತನ್ನದಲ್ಲದ ಸುಳ್ಳನ್ನು ಕಾಪಾಡುತ್ತ, ತನಗೆ ಸಿಗದ ತಾಯಿಯ ಪ್ರೀತಿಯನ್ನು ಬೇರೊಬ್ಬರ ಮನೆಯಲ್ಲಿ ಉಣ್ಣುತ್ತಿರುವ ಹುಡುಗನ ಸುಖವೂ ಅವಮಾನವೂ ಅವರ ಮುಖದಲ್ಲಿ ಒಟ್ಟಿಗೇ ಇವೆ.

ಪಕ್ಕದ ಮನೆಯ ಮೂಗು ತೂರಿಸುವ ಹೆಂಗಸಾಗಿ ಆಲಿಸನ್ ಆರ್ನ್‌ಗ್ರಿಮ್, ನೇಥನ್‌ನ ತಾಯಿಯಾಗಿ ಗೇಟ್ಸ್ ಮೆಕ್‌ಫ್ಯಾಡನ್ ಇದ್ದಾರೆ. ಇಬ್ಬರೂ ಅಮೆರಿಕದ ಟೀವಿ ಧಾರಾವಾಹಿಗಳಿಂದ ಹೆಸರಾದವರು. ಪಕ್ಕದ ಮನೆಯ ಹುಡುಗಿಯನ್ನು, ಗನ್‌ನ ಶಾಲಾದಿನಗಳ ಗೆಳತಿಯನ್ನು, ತಾಯಿ ಮತ್ತೆ ಮಗನ ಜೊತೆ ಸೇರಿಸಲು ನೋಡುವ ಭಾಗ ನಮ್ಮ ಕಡೆಯ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ರಜೆಗೆ ಬಂದ ಮಗನಿಗೆ ಚೌತಿಯ ಚಕ್ಕುಲಿಯ ಜೊತೆಗೇ ಜಾತಕವನ್ನೂ ಮುಂದಿಡುವುದನ್ನು ನಾವು ಕಂಡಿದ್ದೇವೆ.

ಚಿತ್ರದ ಕಾಲವನ್ನೂ ನೆನಪಿಟ್ಟುಕೊಂಡು ನೋಡಬೇಕು. ವಿಸ್ಕಾನ್ಸಿನ್ 2006ರಲ್ಲಿಯೇ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು ಸಲಿಂಗ ವಿವಾಹವನ್ನು ನಿಷೇಧಿಸಿತ್ತು; ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅದು ಕಾನೂನುಬದ್ಧವಾದದ್ದು 2015ರಲ್ಲಿ. ಈ ಚಿತ್ರ ಬಂದ ವರ್ಷವೇ, 2009ರ ಜುಲೈ 2ರಂದು, ದೆಹಲಿ ಹೈಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, 2018ರ ಸೆಪ್ಟೆಂಬರ್ 6ರಂದು ಅಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಆ ಭಾಗವನ್ನು ತಾನೇ ರದ್ದುಪಡಿಸಿತು. ಆ ಐದು ವರ್ಷಗಳಲ್ಲಿ ನನ್ನ ತಂಗಿಯ ಮಗ ಹದಿನೇಳರಿಂದ ಇಪ್ಪತ್ತೆರಡಕ್ಕೆ ಬೆಳೆದ. ದೊಡ್ಡ ವಾಹಿನಿಗಳೂ ಒಟಿಟಿ ವೇದಿಕೆಗಳೂ ಇಂಥ ಕ್ರಿಸ್‌ಮಸ್ ಕಥೆಗಳನ್ನು ಧಾರಾಳವಾಗಿ ತಯಾರಿಸತೊಡಗಿದ್ದು 2020ರ ಹೊತ್ತಿಗೆ. ಅದಕ್ಕೆ ಹತ್ತು ವರ್ಷ ಮೊದಲೇ, ಕಡಿಮೆ ಹಣದಲ್ಲಿ, ಸಾವನ್ನೂ ರೋಗವನ್ನೂ ತರದೆ ಇಬ್ಬರು ಹುಡುಗರಿಗೆ ಒಂದು ಸುಖದ ಹಬ್ಬ ಕೊಟ್ಟದ್ದು ಸಣ್ಣ ಸಾಧನೆಯಲ್ಲ.

ಗನ್ ಕೊನೆಗೂ ತಂದೆ ತಾಯಿಗೆ ಹೇಳುವ ದೃಶ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ತಂಗಿಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದು, ಅಡಿಬರಹ ಓಡುವ ವೇಗಕ್ಕೆ ಓದಲಾಗದು; ಆದ್ದರಿಂದ ಆರಂಭದಿಂದಲೂ ಮಗನೇ ಪಕ್ಕದಲ್ಲಿ ಕುಳಿತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದ. ಆ ದೃಶ್ಯ ಬಂದಾಗ ಅವನು ಸುಮ್ಮನಾದ. ಅವಳು ಪರದೆಯಿಂದ ಕಣ್ಣು ತೆಗೆಯದೆ “ಏನಂದ?” ಎಂದು ಕೇಳಿದಳು. ಅವನು ರಿಮೋಟಿನಿಂದ ಚಿತ್ರವನ್ನು ನಿಲ್ಲಿಸಿ, “ನಾನು ಗಂಡಸರನ್ನೇ ಪ್ರೀತಿಸುವವನು ಅಮ್ಮ, ಅಂದ” ಎಂದು ಹೇಳಿದ. ಎರಡು ವರ್ಷಗಳ ಹಿಂದೆ ಫೋನಿನಲ್ಲಿ ಅವನು ಆಡದೆ ಉಳಿಸಿದ್ದ ವಾಕ್ಯ ಅದು. ಅವಳು “ಹ್ಞೂಂ, ಮುಂದೆ ಹಾಕು” ಎಂದು, ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಚಿತ್ರ ಮುಗಿಯುವವರೆಗೂ ತೆಗೆಯಲಿಲ್ಲ.

ಹಾಗಿದ್ದರೂ ಚಿತ್ರದ ಕೊನೆಯ ಭಾಗದ ಮೇಲೆ ನನ್ನ ಆಕ್ಷೇಪಣೆಯಿದೆ. ಇಷ್ಟು ಹೊತ್ತು ಕಾಪಾಡಿಕೊಂಡು ಬಂದ ಗುಟ್ಟು ಬಿಚ್ಚಿದ ಕೂಡಲೇ ಎಲ್ಲರೂ ಹಗುರಾಗುತ್ತಾರೆ, ಹಬ್ಬ ಮುಂದುವರಿಯುತ್ತದೆ. ನಿರ್ದೇಶಕರಿಗೆ ಮುಗಿಸುವ ಅವಸರ. ತಂದೆ ತಾಯಿ ಒಪ್ಪಿದ್ದನ್ನು ನಾನು ನಂಬುತ್ತೇನೆ, ಏಕೆಂದರೆ ಅವರನ್ನು ಮೊದಲಿನಿಂದಲೂ ಹಾಗೆಯೇ ಚಿತ್ರಿಸಲಾಗಿದೆ. ಆದರೆ ಒಪ್ಪುವ ಮೊದಲು ಅವರು ದಾಟಬೇಕಾದ ಒಂದು ರಾತ್ರಿಯನ್ನು ನನಗೆ ತೋರಿಸಲಿಲ್ಲ. ಶ್ರೀಧರ್ ರಂಗಾಯನ್ ಅವರ 2018ರ ‘ಈವ್ನಿಂಗ್ ಶ್ಯಾಡೋಸ್’ ಎಂಬ ಹಿಂದಿ ಚಿತ್ರದಲ್ಲಿ, ಮುಂಬಯಿಯಿಂದ ದಕ್ಷಿಣದ ಸಣ್ಣ ಊರಿನ ಮನೆಗೆ ಬಂದ ಮಗ ತಾಯಿಗೆ ಇದೇ ವಿಷಯ ಹೇಳುತ್ತಾನೆ. ಅಲ್ಲಿ ಕಥೆ ತಾಯಿಯದಾಗಿ ಮುಂದುವರಿಯುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ನೋಡಬೇಕೆಂದು ನನ್ನ ಸಲಹೆ, ಮೊದಲು ಕ್ರಿಸ್‌ಮಸ್ ಚಿತ್ರ, ಆಮೇಲೆ ಇದು. ಮನೆಯ ಹಿರಿಯರೊಡನೆ ನೋಡುವವರು ಮೊದಲ ಚಿತ್ರದ ದ್ವಂದ್ವಾರ್ಥದ ಮಾತುಗಳಿಗೆ ಸಿದ್ಧರಿರಬೇಕು. ನಮ್ಮಲ್ಲಿ ಅವುಗಳನ್ನು ಅನುವಾದಿಸದೆ ಬಿಟ್ಟದ್ದರಿಂದ ಕಥೆಗೆ ಏನೂ ಕಡಿಮೆಯಾಗಲಿಲ್ಲ.

ಚಿತ್ರ ಮುಗಿದು, ತಟ್ಟೆಗಳನ್ನು ತೊಳೆಯುವಾಗ ನನ್ನ ತಂಗಿ ನಲ್ಲಿ ನಿಲ್ಲಿಸಿ ನನ್ನತ್ತ ತಿರುಗಿ, “ಮಗನೇನೋ ಹೇಳಿ ಹಗುರಾದ. ಅಕ್ಕ, ಆ ತಾಯಿ ಯಾರ ಹತ್ತಿರ ಹೇಳಿಕೊಂಡಳು?” ಎಂದು ಕೇಳಿದಳು. ಎರಡು ವರ್ಷಗಳಿಂದ ಕುಮಟೆಯಲ್ಲಿ ಅವಳು ಈ ವಿಷಯವನ್ನು ಯಾರೊಡನೆಯೂ ಆಡಿಲ್ಲ ಎಂಬುದು ನನಗೆ ಆಗ ತಿಳಿಯಿತು. ಆ ರಾತ್ರಿ ಅಡುಗೆಮನೆಯ ದೀಪ ಆರಿಸುವಾಗ ಒಂದು ಗಂಟೆ ದಾಟಿತ್ತು.