ಪ್ಯಾರಿಸ್‌ನಲ್ಲಿ ಹಳೇ ಕೆತ್ತನೆ ಚಿತ್ರ ಕೊಳ್ಳುವ ಮುಂಚೆ ಇದನ್ನು ಓದಿ

ಇನ್ನೂ ಸಿಟ್ಟು ಇಳಿದಿಲ್ಲ. ಇಲ್ಲಿ ಹಳೇ ಚಿತ್ರ, ಹಳೇ ನಕ್ಷೆ ಅಂತ ಹುಡುಕಿಕೊಂಡು ಹೋಗುವವರು ದಯವಿಟ್ಟು ಓದಿ. 180 ಯೂರೋ ಕೊಟ್ಟು ಮೋಸ ಹೋಗಿದ್ದೇನೆ.

ನಮ್ಮಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಎಸ್ಟೇಟ್ಸ್ ಜನರಲ್, ಅಂದರೆ ಫ್ರಾನ್ಸಿನ ಮೂರು ವರ್ಗಗಳ ಮಹಾಸಭೆ, ಅಂದ ಕೂಡಲೇ ನಮಗೆಲ್ಲ ನೆನಪಾಗುವುದು 1789ರ ಫ್ರೆಂಚ್ ಕ್ರಾಂತಿ, ಅಲ್ವಾ? ಅಪ್ಪ 1302ರಿಂದ ಶುರು ಮಾಡುತ್ತಿದ್ದರು. ಫ್ರಾನ್ಸಿನ ದೊರೆ ನಾಲ್ಕನೇ ಫಿಲಿಪ್ ಪೋಪ್ ಎಂಟನೇ ಬೋನಿಫೇಸ್ ಜೊತೆ ಜಗಳಕ್ಕೆ ಬಿದ್ದು, ಪಾದ್ರಿಗಳು, ಸರದಾರರು, ಪಟ್ಟಣದ ಜನ ಮೂವರನ್ನೂ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ ಕರೆಸಿದ ಸಭೆ ಅದು. ಅದೇ ಸಭೆಯ ಕೆತ್ತನೆ ಸೇನ್ ನದಿ ಹತ್ತಿರದ ಒಂದು ಅಂಗಡಿಯಲ್ಲಿ ಕಂಡಿತು. ಅಪ್ಪ ಮರುವಾರ ಬರುವವರಿದ್ದರು. ಅಷ್ಟೇ, ನನಗೆ ಬೇರೇನೂ ಕಾಣಲಿಲ್ಲ.

"ತಾಮ್ರದ ತಟ್ಟೆಯಿಂದ ತೆಗೆದ ಅಚ್ಚು, ಆ ಕಾಲದ್ದೇ" ಅಂದ ಅಂಗಡಿಯವನು. 240 ಅಂದವನು ಎರಡೇ ಮಾತಿಗೆ 180ಕ್ಕೆ ಇಳಿದ. "ಅಂಚು ಮುಟ್ಟಿ ನೋಡಿ ಮೇಡಂ" ಅಂದ. ಮುಟ್ಟಿದೆ. ಚಿತ್ರದ ಸುತ್ತ ಕಾಗದ ತಗ್ಗಾಗಿತ್ತು. ಕೆತ್ತಿದ ತಾಮ್ರದ ತಟ್ಟೆಯನ್ನು ಕಾಗದಕ್ಕೆ ಒತ್ತಿ ಅಚ್ಚು ತೆಗೆದರೆ ಹಾಗೆ ತಗ್ಗು ಬೀಳುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು. ಆ ತಗ್ಗನ್ನೇ ನಂಬಿದೆ.

ಅಪ್ಪ ಬಂದರು, ಖುಷಿಪಟ್ಟರು. ಆಮೇಲೆ ಪೇಪರ್ ಓದುವ ಭೂತಗನ್ನಡಿ ಹಿಡಿದು ದೊರೆಯ ನಿಲುವಂಗಿಯ ಲಿಲ್ಲಿ ಹೂಗಳನ್ನು ನೋಡಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ. "ಚುಕ್ಕಿ ಕಾಣ್ತಿದೆ ಕಣೇ" ಅಂದರು. ನಾನೂ ನೋಡಿದೆ. ಹೂವಿನ ಮೇಲೆ, ಬಿಷಪ್ಪನ ಮುಖದ ಮೇಲೆ, ಎಲ್ಲಾ ಕಡೆ ಚುಕ್ಕಿ. ಒಂದೇ ಅಂತರದಲ್ಲಿ, ಸಾಲುಸಾಲಾಗಿ, ನ್ಯೂಸ್‌ಪೇಪರ್ ಫೋಟೋದ ಹಾಗೆ. ಉಳಿಯಿಂದ ಕೆತ್ತಿದ್ದರೆ ಗೆರೆ ಇರಬೇಕಿತ್ತು. ಇದು ಫೋಟೋ ತೆಗೆದು ಅಚ್ಚು ಹಾಕಿದ್ದು. ಅಂಚಿನ ತಗ್ಗನ್ನು ಆಮೇಲೆ ಬೇಕಂತಲೇ ಒತ್ತಿದ್ದಾರೆ. "ತಾಮ್ರದ ಕೆತ್ತನೆ ಅಚ್ಚು ಬಂದದ್ದೇ 15ನೇ ಶತಮಾನದಲ್ಲಿ, 1302ರದ್ದು ಹೇಗಿರತ್ತೆ?" ಅಂತ ಅಪ್ಪ ಮೆಲ್ಲಗೆ ಕೇಳಿದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವರ ಮಗಳಾಗಿ ಇಷ್ಟು ಹೊಳೆಯಲಿಲ್ಲವಲ್ಲ ನನಗೆ!

ಮರುದಿನವೇ ಅಂಗಡಿಗೆ ಹೋದೆ. ಅವನ ಉತ್ತರ ಕೇಳಿ. "ಆ ಕಾಲದ ಸಭೆ ಅಂದೆ, ಆ ಕಾಲದ ಕಾಗದ ಅನ್ನಲಿಲ್ಲ." ಅಂಚಿನ ತಗ್ಗು? "ಅದು ಅಲಂಕಾರ." ತಾಮ್ರದ ತಟ್ಟೆ ಅಂದಿರಲ್ಲ? "ಮೂಲ ಚಿತ್ರದ ಬಗ್ಗೆ ಹೇಳಿದ್ದು." 14 ದಿನದೊಳಗೆ ವಾಪಸ್ ಮಾಡಬಹುದಲ್ವಾ ಅಂದರೆ, ಅದು ಆನ್‌ಲೈನ್ ಖರೀದಿಗೆ, ಅಂಗಡಿಗೆ ಬಂದು ಕೊಂಡದ್ದಕ್ಕಲ್ಲ ಅಂದ. ನಿಯಮ ಇರುವುದು ಹಾಗೇ, ಆಮೇಲೆ ನೋಡಿದೆ. ಬಿಲ್ಲಿನಲ್ಲಿ ಬರೆದಿದ್ದು "ಚಿತ್ರ, ಒಂದು" ಅಂತ ಮಾತ್ರ. ಇಸವಿ ಇಲ್ಲ, ತಾಮ್ರ ಇಲ್ಲ, ಏನೂ ಇಲ್ಲ. ಇಷ್ಟೆಲ್ಲ ಉತ್ತರ ಕೊಡುವಾಗ ಅವನು ನನ್ನ ಮುಖ ಕೂಡ ನೋಡಲಿಲ್ಲ, ಬೇರೆ ಗಿರಾಕಿಗೆ ಚಿತ್ರ ತೋರಿಸುತ್ತಿದ್ದ.

ಅಂಚು ಮುಟ್ಟಿ ನಂಬಬೇಡಿ. ಭೂತಗನ್ನಡಿ ಜೊತೆಗಿಟ್ಟುಕೊಳ್ಳಿ. ಯಾವ ಇಸವಿಯ ಅಚ್ಚು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಶನಿವಾರ ಮತ್ತೆ ಹೋಗುತ್ತಿದ್ದೇನೆ. ಈ ಸಲ ಅಪ್ಪನೂ ಬರುತ್ತಾರೆ.