ಜಪಾನೋ, ಆಸ್ಟ್ರೇಲಿಯಾವೋ? ಹನೋಯ್ ಹುಡುಗರ ಲೆಕ್ಕಾಚಾರ

ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಹನ್ನೆರಡನೇ ತರಗತಿ ಮುಗಿಸಿ ಓದಲು ಹೊರದೇಶಕ್ಕೆ ಹೊರಡುವವರಿಗೆ ಮೊದಲ ಪ್ರಶ್ನೆ ದುಡ್ಡಿನದು. ಅದರಲ್ಲಿ ಜಪಾನೇ ಹಗುರ. ಆಸ್ಟ್ರೇಲಿಯಾದಲ್ಲಿ ಶುಲ್ಕ ಜಾಸ್ತಿ. ಬರೀ ವಿದ್ಯಾರ್ಥಿ ವೀಸಾ ಅರ್ಜಿಯ ಶುಲ್ಕವೇ 2024ರ ಜುಲೈನಲ್ಲಿ 710ರಿಂದ 1,600 ಆಸ್ಟ್ರೇಲಿಯನ್ ಡಾಲರ್‌ಗೆ ಏರಿತು, ಮರುವರ್ಷ 2,000 ಆಯಿತು. ವೀಸಾ ಸಿಗದಿದ್ದರೆ ಆ ದುಡ್ಡು ಹೋದ ಹಾಗೇ.

ಭಾಷೆಯ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಇಂಗ್ಲಿಷ್ ಬಂದರೆ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಇದ್ದರೆ ನೇರ ಮೆಲ್ಬರ್ನ್ ತರಗತಿಗೆ. ಜಪಾನಿಗೆ ಹೋಗುವ ಬಹಳಷ್ಟು ಜನ ಮೊದಲು ಒಂದೆರಡು ವರ್ಷ ಭಾಷಾ ಶಾಲೆಯಲ್ಲಿ ಕೂರಬೇಕು. ಆ ಖರ್ಚನ್ನು ಏಜೆಂಟರು ಮೆತ್ತಗೆ ಹೇಳುತ್ತಾರೆ ಅಷ್ಟೇ! ಒಂದು ಅನುಕೂಲವೂ ಇದೆ. ವಿಯೆಟ್ನಾಮಿ, ಜಪಾನಿ ಎರಡೂ ಭಾಷೆಗಳಿಗೆ ಚೀನಿ ಮೂಲದ ಪದಗಳು ರಾಶಿ ಬಂದಿವೆ. 'ಗಮನ' ಅನ್ನಲು ವಿಯೆಟ್ನಾಮಿಯಲ್ಲಿ 'ಚು ಈ', ಜಪಾನಿಯಲ್ಲಿ 'ಚೂಇ'. ಕೇಳಲು ಅಣ್ಣತಮ್ಮಂದಿರು, ಅಲ್ವಾ? ಆದರೆ ವಿಯೆಟ್ನಾಮಿಗಳು ಈಗ ಬರೆಯುವುದು ರೋಮನ್ ಲಿಪಿಯಲ್ಲಿ. ಹಾಗಾಗಿ ಜಪಾನಿ ಬರೆಯಲು ಬಳಸುವ ಚೀನಿ ಮೂಲದ ಕಾಂಜಿ ಅಕ್ಷರಗಳನ್ನು ಮೊದಲಿಂದ ತಿದ್ದಲೇಬೇಕು.

ಪಾರ್ಟ್‌ಟೈಮ್ ಕೆಲಸಕ್ಕೆ ಜಪಾನಿನಲ್ಲಿ ವಾರಕ್ಕೆ 28 ಗಂಟೆಯ ಮಿತಿ, ಆಸ್ಟ್ರೇಲಿಯಾದಲ್ಲಿ ತರಗತಿ ನಡೆಯುವಾಗ ಎರಡು ವಾರಕ್ಕೆ 48. ಗಂಟೆಯ ಕೂಲಿ ಆಸ್ಟ್ರೇಲಿಯಾದಲ್ಲೇ ಚೆನ್ನಾಗಿದೆ. ಆದರೆ ಸಾಲ ಮಾಡಿ ಹೋಗಿ ದುಡಿದು ತೀರಿಸುವ ಯೋಜನೆ ಎರಡೂ ಕಡೆ ಅಪಾಯ. ಮಿತಿ ಮೀರಿದರೆ ವೀಸಾಕ್ಕೇ ಕುತ್ತು.

ತಾಳ್ಮೆ ಇದ್ದು ಎಂಜಿನಿಯರಿಂಗ್ ಕಡೆ ಮನಸ್ಸಿದ್ದರೆ ನಾನು ಜಪಾನ್ ಅನ್ನುತ್ತೇನೆ. ಮನೆಯಲ್ಲಿ ಸಾಲವಿಲ್ಲದೆ ಕಟ್ಟುವ ಶಕ್ತಿ ಇದ್ದರೆ ಆಸ್ಟ್ರೇಲಿಯಾ. ಎರಡಕ್ಕೂ ಧೈರ್ಯ ಸಾಲದವರಿಗೆ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ ಕ್ಯಾಂಪಸ್ ಹನೋಯ್‌ನಲ್ಲೇ ಇದೆ. ಪದವಿ ಆಸ್ಟ್ರೇಲಿಯಾದ್ದು, ಊಟ ಅಮ್ಮನ ಕೈಯದು.