ಮಲೆನಾಡಿನ ಭತ್ತಕ್ಕೆ ಅಜೋಸ್ಪಿರಿಲಮ್, ಅಜಟೋಬ್ಯಾಕ್ಟರ್, ಅಜೋಲಾ: ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯ ಗದ್ದೆಗೆ ಅಜೋಸ್ಪಿರಿಲಮ್ಮೇ ಸರಿ. ಗಾಳಿಯ ಸಾರಜನಕ ಹಿಡಿದು ಬೆಳೆಗೆ ಸಿಗುವ ಹಾಗೆ ಮಾಡುವ ಈ ಮೂರನ್ನೂ ನಮ್ಮ ಗದ್ದೆಯಲ್ಲೇ ಹಾಕಿ ನೋಡಿದ್ದೇವೆ. ಅಜೋಸ್ಪಿರಿಲಮ್, ಅಜಟೋಬ್ಯಾಕ್ಟರ್ ಎರಡೂ ಅಕ್ಕಪಕ್ಕದ ಮಕ್ಕಿ ಗದ್ದೆಗೆ, ಅಂದರೆ ಮೇಲಿನ ಗದ್ದೆಗೆ. ಅಜೋಲಾ ಅನ್ನುವ ನೀರಲ್ಲಿ ತೇಲುವ ಪುಟ್ಟ ಜರೀಗಿಡ ಕೆಳಗಿನ ಬೈಲಿಗೆ. ತಳಿ ಒಂದೇ, ಕೊಟ್ಟಿಗೆ ಗೊಬ್ಬರವೂ ಒಂದೇ ಗುಂಡಿಯದು. ಮೇಲೊಂದು, ಕೆಳಗೊಂದು ಗದ್ದೆಗೆ ಗೊಬ್ಬರ ಬಿಟ್ಟು ಬೇರೇನೂ ಹಾಕಲಿಲ್ಲ, ಇಲ್ಲದಿದ್ದರೆ ಯಾವುದರ ಜೊತೆ ಹೋಲಿಸುವುದು ಅಲ್ವಾ?

ಅಂಗಡಿಯಲ್ಲಿ ಕೇಳಿದರೆ ಜಾಸ್ತಿ ಕೊಡುವುದು ಅಜಟೋಬ್ಯಾಕ್ಟರ್. ಇದು ಮಣ್ಣಿನಲ್ಲಿ ತನ್ನ ಪಾಡಿಗೆ ಬದುಕುವ ಬ್ಯಾಕ್ಟೀರಿಯಾ, ಗಾಳಿ ಚೆನ್ನಾಗಿ ಆಡಬೇಕು, ಮಣ್ಣು ಹುಳಿ ಇರಬಾರದು. ರಸಸಾರ (pH) 6ಕ್ಕಿಂತ ಕೆಳಗಿಳಿದರೆ ಸೊರಗುತ್ತದೆ. ನಮ್ಮದೋ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋದ ಹುಳಿ ಮಣ್ಣು, ಅದರ ಮೇಲೆ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. ಏನೂ ಹಾಕದ ಗದ್ದೆಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಶಿಕಾರಿಪುರ ಕಡೆ ಒಣಭೂಮಿಯಲ್ಲಿ ಮೆಕ್ಕೆಜೋಳ ಬೆಳೆಯುವವರ ಲೆಕ್ಕ ಬೇರೆ. ಮಣ್ಣು ಅಷ್ಟು ಹುಳಿ ಇಲ್ಲದೆ, ಗೊಬ್ಬರ ಚೆನ್ನಾಗಿ ಬಿದ್ದಿದ್ದರೆ ಅಲ್ಲಿ ಅದು ಕೆಲಸ ಮಾಡೀತು.

ಅಜೋಸ್ಪಿರಿಲಮ್ ಬೇರನ್ನೇ ಹಿಡಿದು ಬದುಕುತ್ತದೆ. ಬೇರಿನ ಮೇಲೆ ಅಂಟಿಕೊಳ್ಳುತ್ತದೆ, ಕೆಲವು ಒಳಗೂ ಹೋಗುತ್ತವೆ, ಬೇರು ಸೋರಿಸುವ ರಸವೇ ಅದರ ಊಟ. ಸಾರಜನಕ ಹಿಡಿಯುವಾಗ ಅದಕ್ಕೆ ಆಮ್ಲಜನಕ ಕಡಿಮೆ ಇದ್ದರೇ ಅನುಕೂಲ, ಹಾಗಾಗಿ ನೀರು ನಿಂತ ಗದ್ದೆ ಅದಕ್ಕೆ ಕಷ್ಟವಲ್ಲ. ಹುಲ್ಲು ಮತ್ತು ಏಕದಳ ಧಾನ್ಯಗಳ ಬೇರಲ್ಲಿ ಇದು ಮಾಡುವ ಕೆಲಸವನ್ನು 1970ರ ದಶಕದಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ಬ್ರೆಜಿಲ್‌ನ ಜೊಹಾನಾ ಡೊಬೆರೈನರ್. ಆದರೆ ಅಲಸಂದೆ, ಹೆಸರುಕಾಳಿನ ಬೇರಲ್ಲಿ ಆಗುವ ಹಾಗೆ ಇಲ್ಲಿ ಗಂಟು ಕಟ್ಟುವುದಿಲ್ಲ, ಅಷ್ಟು ಸಾರಜನಕವೂ ಸಿಗುವುದಿಲ್ಲ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ದೊಡ್ಡ ಲಾಭ ಇರುವುದು ಬೇರಿನಲ್ಲಿ. ಈ ಬ್ಯಾಕ್ಟೀರಿಯಾ ಬೇರು ಬೆಳೆಸುವ ಹಾರ್ಮೋನನ್ನೂ ಬಿಡುತ್ತದೆ, ಕವಲು ಬೇರು ಮತ್ತು ಬೇರುರೋಮ ಜಾಸ್ತಿಯಾಗುತ್ತವೆ, ಗಿಡ ಮಣ್ಣಲ್ಲಿರುವುದನ್ನೇ ಹೆಚ್ಚು ಎಳೆದುಕೊಳ್ಳುತ್ತದೆ. ನಾಟಿಯಾಗಿ ತಿಂಗಳಿಗೆ ಒಂದೊಂದು ಬುಡ ಕಿತ್ತು ತೊಳೆದು ಪಕ್ಕಪಕ್ಕ ಇಟ್ಟಾಗ ಬೇರಿನ ದಟ್ಟಣೆ ನೋಡಿಯೇ ಯಾವ ಗದ್ದೆಯದು ಅಂತ ಹೇಳಬಹುದಿತ್ತು. ತೆಂಡೆಯೂ (ಬುಡದಿಂದ ಒಡೆಯುವ ಮರಿಗಳು) ಅಜೋಸ್ಪಿರಿಲಮ್ ಹಾಕಿದ್ದರಲ್ಲೇ ಚೆನ್ನಾಗಿ ಒಡೆದಿತ್ತು.

ಹಾಗಂತ ಯೂರಿಯಾ ಪೂರ್ತಿ ಬಿಡಬೇಡಿ, ಸ್ವಲ್ಪ ಕಡಿಮೆ ಮಾಡಬಹುದು ಅಷ್ಟೆ. ಒಂದೇ ಸಲ ಸುರಿಯಲೂ ಬೇಡಿ, ಸುತ್ತ ಅಮೋನಿಯಾ ತುಂಬಿದ್ದರೆ ಬ್ಯಾಕ್ಟೀರಿಯಾ ತಾನು ಸಾರಜನಕ ಹಿಡಿಯುವುದನ್ನು ನಿಲ್ಲಿಸಿಬಿಡುತ್ತದೆ.

ಬರೀ ಸಾರಜನಕ ನೋಡಿದರೆ ಗೆಲ್ಲುವುದು ಅಜೋಲಾ. ಅದರ ಎಲೆಯ ಪೊಟರೆಯೊಳಗೆ ಇರುವ ನೀಲಿ ಹಸಿರು ಪಾಚಿ ಗಾಳಿಯ ಸಾರಜನಕ ಹಿಡಿಯುತ್ತದೆ, ಅಜೋಲಾವನ್ನು ಕೆಸರಿಗೆ ತುಳಿದು ಕೊಳೆಸಿದರೆ ಅದು ಭತ್ತಕ್ಕೆ ಸಿಗುತ್ತದೆ. ದನಕ್ಕೂ ಒಳ್ಳೆಯ ಮೇವು. ಆದರೆ ಆಷಾಢದ ಮಳೆಯಲ್ಲಿ ಗದ್ದೆಯಿಂದ ಗದ್ದೆಗೆ ನೀರು ಹಾರುವಾಗ ಅದೂ ಜೊತೆಗೆ ಹೊರಟುಬಿಡುತ್ತದೆ, ಮಕ್ಕಿಯಲ್ಲಂತೂ ನಿಲ್ಲುವುದೇ ಇಲ್ಲ. ರಂಜಕ ಸಾಲದಿದ್ದರೆ ಕೆಂಪಾಗಿ ಬೆಳವಣಿಗೆ ನಿಲ್ಲುತ್ತದೆ. ಬೈಲಿನಲ್ಲಿ ಮಳೆ ಹೊಳವಾದ ಮೇಲೆ ಮಾತ್ರ ಚೆನ್ನಾಗಿ ಹಬ್ಬಿತು.

ಅಜೋಸ್ಪಿರಿಲಮ್ಮನ್ನು ಬೀಜಕ್ಕೆ ಹಚ್ಚುವುದಕ್ಕಿಂತ ಅಗೆಯ (ನಾಟಿಯ ಸಸಿಯ) ಬೇರು ಅದ್ದುವುದು ನನಗೆ ಹಿಡಿಸಿತು. ಎಕರೆಗೆ 1 ಕೆಜಿ ಪುಡಿಯನ್ನು ಸುಮಾರು 40 ಲೀಟರ್ ನೀರಿಗೆ ಕಲಸಿ, ಅಗೆಯ ಕಟ್ಟುಗಳ ಬೇರನ್ನು ಅರ್ಧ ಗಂಟೆ ನೆನೆಸಿ, ಅವತ್ತೇ ನಾಟಿ ಮಾಡಿ. ಬಕೆಟನ್ನು ನೆರಳಲ್ಲಿಡಿ, ಶಿಲೀಂಧ್ರನಾಶಕ ಸೇರಿಸಬೇಡಿ. ಪ್ಯಾಕೆಟ್ಟಿನ ಅವಧಿ ಮುಗಿದಿದ್ದರೆ ಅದರಲ್ಲಿ ಉಳಿದಿರುವುದು ಬರೀ ಪುಡಿ, ದಿನಾಂಕ ನೋಡಿ ತೆಗೆದುಕೊಳ್ಳಿ. ಈ ಸಲ ನಾವು ಮಕ್ಕಿಗೆ ಇದೊಂದೇ, ಬೈಲಿಗೆ ಇದರ ಜೊತೆ ಅಜೋಲಾವನ್ನೂ ಹಾಕುತ್ತಿದ್ದೇವೆ.